ಕೋಚ್ ಟೀಮಿಗೆ ಹೊಂದಿಕೊಳ್ಳಬೇಕೋ, ಟೀಮೇ ಕೋಚ್‌ಗೋ? ವಿಂಗ್‌ಬ್ಯಾಕ್ ಇಲ್ಲದೆ 3-4-2-1 ಆಡಿಸೋ ಲೆಕ್ಕಾಚಾರ

ಎಡಗಾಲಿನ_ಸ್ಟಾಪರ್

ಮ್ಯಾಂಚೆಸ್ಟರ್ ಯುನೈಟೆಡ್ ಕೋಚ್ ಆಗಿದ್ದ ಅಮೊರಿಮ್ ಹೆಸರು ಎತ್ತಿದ ಕೂಡಲೇ ಎರಡು ಪಕ್ಷ ಆಗಿಬಿಡುತ್ತೆ. ಒಂದು "ಹಠಮಾರಿ", ಇನ್ನೊಂದು "ಆಟಗಾರರೇ ದಂಡ". ಎರಡನ್ನೂ ಪಕ್ಕಕ್ಕಿಟ್ಟು ಜಾಗಗಳ ಲೆಕ್ಕ ಹಾಕೋಣ ಅಂತ ಈ ಚರ್ಚೆ.

2024ರ ನವೆಂಬರ್‌ನಲ್ಲಿ ಅವರು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಾಗ ಅಲ್ಲಿದ್ದದ್ದು 4-2-3-1ಕ್ಕೆ (ಹಿಂದಿನಿಂದ ಮುಂದಕ್ಕೆ ಒಂದೊಂದು ಸಾಲಲ್ಲಿ ಎಷ್ಟು ಜನ ಅನ್ನೋ ಲೆಕ್ಕ) ಕೊಂಡ ಟೀಮು. ಮೊದಲ ಪಂದ್ಯದಿಂದಲೇ 3-4-2-1. ಆ ಸೀಸನ್ನಿನಲ್ಲಿ ಅವರ ಕೈಯಲ್ಲಿ ಆಡಿದ ಲೀಗ್ ಪಂದ್ಯ 27, ಸಿಕ್ಕ ಪಾಯಿಂಟ್ 27. ಗೆಲುವು 7, ಡ್ರಾ 6, ಸೋಲು 14. ಕೊನೆಗೆ 42 ಪಾಯಿಂಟ್, 15ನೇ ಸ್ಥಾನ.

4-2-3-1ರಿಂದ 3-4-2-1ಕ್ಕೆ ಹೋದರೆ ಮಾಯವಾಗುವ ಜಾಗ ಎರಡು: ಎಡ ವಿಂಗರ್, ಬಲ ವಿಂಗರ್. ಹೊಸದಾಗಿ ಹುಟ್ಟುವ ಜಾಗ ಮೂರನೇ ಸ್ಟಾಪರ್ (ಡಿಫೆನ್ಸಿನ ಮಧ್ಯದಲ್ಲಿ ನಿಲ್ಲೋನು) ಮತ್ತು ಇನ್ನೊಬ್ಬ ನಂಬರ್ 10 (ಸ್ಟ್ರೈಕರ್ ಹಿಂದೆ ಆಡೋನು). ಜೊತೆಗೆ ಇಬ್ಬರು ಫುಲ್‌ಬ್ಯಾಕ್‌ಗಳ ಕೆಲಸವೇ ಬದಲಾಗಿ ಅವರು ವಿಂಗ್‌ಬ್ಯಾಕ್ (ಅಂಚಿನ ಪೂರ್ತಿ ಉದ್ದಕ್ಕೂ ದಾಳಿ, ಡಿಫೆನ್ಸ್ ಎರಡೂ ಮಾಡೋರು) ಆಗಬೇಕು. ಆ ಕ್ಲಬ್ ದುಡ್ಡು ಸುರಿದಿದ್ದದ್ದು ಎಲ್ಲಿ? ವಿಂಗರ್‌ಗಳ ಮೇಲೆ. ಆಂಟನಿ, ರ‍್ಯಾಶ್‌ಫರ್ಡ್ ಇಬ್ಬರೂ ಮೊದಲ ಚಳಿಗಾಲದಲ್ಲೇ ಬೇರೆ ಕ್ಲಬ್‌ಗಳಿಗೆ ಸಾಲಕ್ಕೆ (ಲೋನ್) ಹೊರಟರು. ಅಂದ್ರೆ ಅತಿ ಹೆಚ್ಚು ಬೆಲೆ ಕೊಟ್ಟ ಜಾಗವನ್ನೇ ಅಳಿಸಿ, ಒಬ್ಬನೂ ಇಲ್ಲದ ಜಾಗವನ್ನ ಸೃಷ್ಟಿ ಮಾಡಿದ ಹಾಗಾಯ್ತು.

ಪ್ರಶ್ನೆ ಇಷ್ಟೇ. ಸೀಸನ್ ಮಧ್ಯೆ ಬಂದ ಕೋಚ್ ಯಾವುದನ್ನ ಹಿಡಿದುಕೊಳ್ಳಬೇಕು, ಯಾವುದನ್ನ ಬಿಡಬೇಕು? ಅದನ್ನ ತೀರ್ಮಾನ ಮಾಡೋದು ಹೇಗೆ?

ಕುಡ್ಲದ_ಕೌಂಟರ್

ಇದರಲ್ಲಿ ಚರ್ಚೆ ಎಂತದ್ದು ಮಾರಾಯ್ರೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಲೆಸ್ಟರ್‌ನಲ್ಲಿ ರಾನಿಯೇರಿ ಮಾಡಿದ್ದು ಅದೇ ಅಲ್ವಾ. 2015ರಲ್ಲಿ ಬರುವಾಗ ಇದ್ದದ್ದು ಮಾರ್ಗನ್, ಹುತ್ ಅಂತ ಇಬ್ಬರು ನಿಧಾನದ, ಎತ್ತರದ ಸ್ಟಾಪರ್‌ಗಳು. ಎದುರು ವಾರ್ಡಿ, ಗಾಳಿ ಹಾಗೆ ಓಡುವ ಜನ. ಅವರಿಬ್ಬರನ್ನು ಹಾಫ್ ಲೈನಿನ ಹತ್ತಿರ ನಿಲ್ಲಿಸಿದ್ದಿದ್ದರೆ ಮುಗೀತಿತ್ತು ಕಥೆ. ಪೆನಾಲ್ಟಿ ಬಾಕ್ಸಿನ ಅಂಚಲ್ಲಿ ನಿಲ್ಲಿಸಿ ಹೆಡ್ ಮಾಡ್ಲಿಕ್ಕೆ ಬಿಟ್ಟರು, ಬಾಲ್ ಸಿಕ್ಕಿದ್ದೇ ವಾರ್ಡಿ ಓಡ್ಲಿಕ್ಕೆ ಎದುರಾಳಿ ಡಿಫೆನ್ಸಿನ ಹಿಂದಿನ ಖಾಲಿ ಜಾಗಕ್ಕೆ ಉದ್ದ ಪಾಸ್. 4-4-2, 81 ಪಾಯಿಂಟ್, ಕಪ್ಪು.

ಇನ್ನೊಂದು ಯಾರೂ ಹೇಳುವುದಿಲ್ಲ. ಅವರು ಸುರುವಿಗೆ ಡಿ ಲಾಟ್, ಶ್ಲುಪ್ ಅಂತ ಮೇಲೆ ಹೋಗುವ ಫುಲ್‌ಬ್ಯಾಕ್‌ಗಳನ್ನು ಆಡಿಸ್ತಿದ್ದದ್ದು. ಗೋಲು ಬೀಳುವುದು ನಿಲ್ಲಲಿಲ್ಲ. ಅಕ್ಟೋಬರಿನಲ್ಲಿ ಸಿಂಪ್ಸನ್, ಫುಕ್ಸ್ ಬಂದರು, ಅಲ್ಲಿಂದ ಹಿಂದಿನ ನಾಲ್ವರು ಕದಲಲಿಲ್ಲ. ಹೊಂದಿಕೊಳ್ಳುವುದು ಅಂದ್ರೆ ಬಂದ ದಿನ ಒಮ್ಮೆ ಮಾಡಿ ಬಿಡುವ ಕೆಲಸ ಅಲ್ಲ.

ಬೆಳಗಾವಿ_ಬೈಸಿಕಲ್‌ಕಿಕ್

ಕುಡ್ಲದವ್ರ, ನಿಮ್ಮ ಹಾಸಿಗಿ ಗಾದಿ ಮಾತು ಬರೋಬ್ಬರಿ ಐತಿ, ಆದ್ರ ಹಾಸಿಗಿನ ಹಿಗ್ಗಿಸಿದವ್ರೂ ಅದಾರಲ್ರಿ. ಬಿಯೆಲ್ಸಾ ನೋಡ್ರಿ. 2018ರಾಗ ಲೀಡ್ಸ್‌ಗೆ ಬಂದಾಗ ಅದು ಎರಡನೇ ದರ್ಜೆ ಲೀಗಿನ್ಯಾಗ 13ನೇ ಸ್ಥಾನದಾಗ ಮುಗಿಸಿದ್ದ ಟೀಮು. ಹೆಚ್ಚುಕಮ್ಮಿ ಅದೇ ಹುಡುಗ್ರು. ಆ ಮನುಷ್ಯಾ ತನ್ನ ಪದ್ಧತಿ ಒಂದು ಕೂದಲೆಳಿನೂ ಬದಲಿ ಮಾಡಲಿಲ್ಲ: ಮೈದಾನದ ತುಂಬಾ ಆಳಿಗೊಬ್ಬ ಆಳು, ಎದುರಿನವ್ರು ಒಬ್ಬ ಸ್ಟ್ರೈಕರ್ ಇಟ್ರ ನಾಕು ಮಂದಿ ಹಿಂದ, ಇಬ್ಬರು ಇಟ್ರ ಮೂರು ಮಂದಿ ಹಿಂದ. ಯಾವಾಗ್ಲೂ ಒಬ್ಬ ಹೆಚ್ಚಿಗಿ ಇರಬೇಕು, ಅಷ್ಟ. ಮುಂದಿನ ಸೀಸನ್ನಿಗೆ 3ನೇ ಸ್ಥಾನ.

ಕ್ಯಾಲ್ವಿನ್ ಫಿಲಿಪ್ಸ್ ಅದಕ್ಕೂ ಮೊದಲ ಮೇಲೆ-ಕೆಳಗ ಓಡೋ ಸಾದಾ ಮಿಡ್‌ಫೀಲ್ಡರ್. ಅವನ್ನ ಡಿಫೆನ್ಸಿನ ಮುಂದ ಒಬ್ಬನ್ನ ನಿಲ್ಲಿಸಿದ್ರು, ಮೂರು ಮಂದಿ ಹಿಂದ ಬೇಕಾದಾಗ ಅವನ ಇಳದು ಸ್ಟಾಪರ್ ಆಗ್ತಿದ್ದ. ಇಂಗ್ಲೆಂಡ್ ಟೀಮಿಗೆ ಹೋದ. ಪದ್ಧತಿನ ಆಟಗಾರನ್ನ ಮಾಡತೈತಿ ಅನ್ನೂದಕ್ಕ ಇದಕ್ಕಿಂತ ಸಾಕ್ಷಿ ಬೇಕೇನ್ರಿ?

ಕುಡ್ಲದ_ಕೌಂಟರ್

ಅದೇ ಫಿಲಿಪ್ಸ್ ಗಾಯವಾಗಿ ಕೂತಾಗ ಎಂತ ಆಯ್ತು ಅದನ್ನೂ ಹೇಳಿ. 2022ರ ಫೆಬ್ರವರಿ ಒಂದೇ ತಿಂಗಳಲ್ಲಿ 20 ಗೋಲು ತಿಂದದ್ದು ಲೀಡ್ಸ್. ಬಿಯೆಲ್ಸಾರ ಕೆಲಸವೂ ಹೋಯ್ತು.

ಬೆಳಗಾವಿ_ಬೈಸಿಕಲ್‌ಕಿಕ್

ಅದನ್ನ ಒಪ್ಕೋತೀನ್ರಿ. ಆಳಿಗೊಬ್ಬ ಆಳು ಹಿಡಿಯೋ ಆಟದಾಗ ಒಬ್ಬ ಸೋತ್ರ ಅವನ ಹಿಂದ ಯಾರೂ ಇರಂಗಿಲ್ಲ, ಜಾಗ ಕಾಯೋ ಪದ್ಧತಿಯೊಳಗ ಪಕ್ಕದವ ಬರತಾನ. ಅದರ ಜೊತಿಗೆ ತಯಾರಿನೂ ನೋಡ್ರಿ. ಬಾಲ್ ಹೊರಗ ಹೋದ್ರೂ ನಿಲ್ಲಿಸದ ಆಡಸೋ 11ಕ್ಕ 11 ಅಭ್ಯಾಸ ಅವರದ್ದು, ಮರ್ಡರ್‌ಬಾಲ್ ಅಂತಾನ ಹೆಸರು. ಬ್ಯಾಸಗಿ ಪೂರ್ತಿ ಕೈಯಾಗ ಸಿಕ್ಕಿತ್ತು. ನವೆಂಬರ್‌ನ್ಯಾಗ ಬಂದು, ಗುರುವಾರ ಯುರೋಪಾ, ರವಿವಾರ ಲೀಗ್ ಆಡೋ ಟೀಮಿಗೆ ಅದನ್ನ ಹಚ್ಚಿದ್ರ ಮಾಂಸಖಂಡ ಹರೀತಾವು, ಅಷ್ಟ.

ಲಿಬರೋ_ಮೈಸೂರು

ಇಬ್ಬರೂ ಒಂದೇ ವಿಷಯದ ಎರಡು ತುದಿ ಹಿಡಿದಿದ್ದೀರಿ. "ಪದ್ಧತಿ" ಎಂಬ ಒಂದೇ ಪದದಲ್ಲಿ ಮೂರು ಬೇರೆ ಸಂಗತಿಗಳು ಸೇರಿಕೊಂಡಿವೆ; ಅವುಗಳ ಬೆಲೆ ಬೇರೆ ಬೇರೆ.

ಮೊದಲನೆಯದು ಬಾಲ್ ನಮ್ಮಲ್ಲಿದ್ದಾಗಿನ ಆಕಾರ. ಎರಡನೆಯದು ಬಾಲ್ ಇಲ್ಲದಾಗಿನ ಆಕಾರ. ಮೂರನೆಯದು ಡಿಫೆನ್ಸ್ ಸಾಲು ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದು. ಅಮೊರಿಮ್ ಟೀಮು ದಾಳಿಗಿಳಿದಾಗ ಕಾಣುವುದು 3-2-5. ಗಾರ್ಡಿಯೋಲಾ, ಆರ್ಟೆಟಾ ಟೀಮುಗಳೂ ದಾಳಿಯಲ್ಲಿ 3-2-5 ಆಗುತ್ತವೆ, ಆದರೆ ಹೊರಡುವುದು ನಾಲ್ವರ ಡಿಫೆನ್ಸಿನಿಂದ. ಆರ್ಸೆನಲ್‌ನಲ್ಲಿ ಎಡ ಫುಲ್‌ಬ್ಯಾಕ್ ಝಿಂಚೆಂಕೋ ಒಳಗೆ ಬಂದು ಮಿಡ್‌ಫೀಲ್ಡಿನ ಎರಡನೆಯವನಾಗುತ್ತಿದ್ದ. ಮ್ಯಾಂಚೆಸ್ಟರ್ ಸಿಟಿಯಲ್ಲಿ 2023ರಲ್ಲಿ ಸ್ಟಾಪರ್ ಸ್ಟೋನ್ಸ್ ಮುಂದೆ ಹೆಜ್ಜೆ ಇಟ್ಟು ಅದೇ ಕೆಲಸ ಮಾಡಿದ. ಮುಂದಿನ ಐವರಲ್ಲಿ ಅಂಚಿನ ಇಬ್ಬರು ವಿಂಗರ್‌ಗಳೇ ಆಗಿರುತ್ತಾರೆ.

ಅಂದರೆ ಅಮೊರಿಮ್‌ಗೆ ಬೇಕಿದ್ದ ದಾಳಿಯ ಆಕಾರ, ಇದ್ದ ವಿಂಗರ್‌ಗಳನ್ನು ಇಟ್ಟುಕೊಂಡೇ ಸಿಗುತ್ತಿತ್ತು. ನಿಜವಾದ ವ್ಯತ್ಯಾಸ ಬಾಲ್ ಕಳೆದುಕೊಂಡಾಗ: ಒಂದರಲ್ಲಿ 5-4-1, ಇನ್ನೊಂದರಲ್ಲಿ 4-4-2. ಅವರು ಹಿಡಿದುಕೊಂಡದ್ದು ಐವರ ಸಾಲನ್ನು. ಮೈದಾನದ ಅಗಲ 68 ಮೀಟರ್. ಐವರಿದ್ದರೆ ತಲೆಗೆ 13.6 ಮೀಟರ್, ನಾಲ್ವರಿದ್ದರೆ 17. ಹಿಂದೆ ಉಳಿತಾಯ. ಆದರೆ ಮಧ್ಯದಲ್ಲಿ ಉಳಿಯುವುದು ಇಬ್ಬರೇ. ಮುಂದಿನ ಇಬ್ಬರು ನಂಬರ್ 10ಗಳು ಅಂಚಿಗೆ ಇಳಿದು ಸಹಾಯ ಮಾಡದಿದ್ದರೆ ಆ ಇಬ್ಬರಿಗೆ ತಲಾ 34 ಮೀಟರ್. ಬ್ರೂನೋ ಮತ್ತು ಕ್ಯಾಸೆಮಿರೋಗೆ ತಲಾ 34 ಮೀಟರ್ ಒಪ್ಪಿಸುವುದು ಯಾವ ನ್ಯಾಯ ಎಂಬುದೇ ನನ್ನ ಪ್ರಶ್ನೆ.

ಫ್ರೇಜರ್‌ಟೌನ್_ಫುಲ್‌ಬ್ಯಾಕ್

ಲಿಬರೋ ಸರ್ ಮಿಡ್‌ಫೀಲ್ಡ್ ಹೇಳಿದ್ರು, ನಾನು ಎಡ ಅಂಚಿನ ಲೆಕ್ಕ ಹೇಳ್ತೀನಿ. ಅಲ್ಲೇ ಜಾಸ್ತಿ ಡ್ಯಾಮೇಜ್ ಆಗಿದ್ದು.

3-4-2-1ರಲ್ಲಿ ಎಡ ಅಂಚಿನ ಪೂರ್ತಿ ಅಗಲ ಒಬ್ಬನದ್ದೇ ಜವಾಬ್ದಾರಿ, ವಿಂಗ್‌ಬ್ಯಾಕ್‌ದು. ಅಲ್ಲಿ ಡಾಲೋಟ್ ಆಡ್ತಿದ್ದ, ಬಲಗಾಲಿನವನು. ಬಾಲ್ ಬಂದ ತಕ್ಷಣ ಏನ್ ಮಾಡ್ತಾನೆ? ಬಲಗಾಲಿಗೆ ಹಾಕಿಕೊಳ್ಳೋಕೆ ಒಳಗೆ ತಿರುಗ್ತಾನೆ. ಒಳಗಡೆ ಆಗಲೇ ಎಡ ನಂಬರ್ 10 ನಿಂತಿದಾನೆ. ಇಬ್ಬರನ್ನೂ ಎದುರಾಳಿಯ ಒಬ್ಬ ಫುಲ್‌ಬ್ಯಾಕ್ ಒಬ್ಬನೇ ನೋಡ್ಕೋಬಹುದು. ಓಡಿಬಂದು ಮೊದಲ ಟಚ್‌ಗೇ ಕ್ರಾಸ್ ಹಾಕೋನಿಲ್ಲ, ಸ್ಟ್ರೈಕರ್ ಓಟ ವೇಸ್ಟು. ಹೋಯ್ಲುಂಡ್‌ಗೆ ಬಾಲೇ ಬರ್ತಿಲ್ಲ ಅಂತ ಎಲ್ಲರೂ ಬೈತಿದ್ರಲ್ಲ, ಮೂಲ ಇಲ್ಲಿದೆ.

ಅದರ ಹಿಂದೆ ಇನ್ನೊಂದು ಇದೆ. ಎಡ ಸ್ಟಾಪರ್ ಬಲಗಾಲಿನವನಾದರೆ, ಗೋಲಿಯಿಂದ (ಗೋಲ್‌ಕೀಪರ್) ಪಾಸ್ ಬಂದಾಗ ಮೈ ಮೈದಾನದ ಒಳಮುಖ ಆಗಿರುತ್ತೆ. ವಿಂಗ್‌ಬ್ಯಾಕ್‌ಗೆ ಪಾಸ್ ಕೊಡಬೇಕಂದ್ರೆ ಕಾಲಿನ ಹೊರಭಾಗದಿಂದ ಹೊಡೀಬೇಕು, ಇಲ್ಲ ಒಂದು ಟಚ್ ಜಾಸ್ತಿ ತಗೋಬೇಕು. ಆ ಒಂದು ಟಚ್ ಸಾಕು, ಪ್ರೆಸ್ ಮಾಡೋನು (ಬಾಲ್ ಕಸಿಯೋಕೆ ನುಗ್ಗೋನು) ಮೇಲೆ ಬಿದ್ದಿರ್ತಾನೆ. ಎಡಗಾಲಿನ ಲಿಸಾಂಡ್ರೋ ಮಾರ್ಟಿನೆಜ್ 2025ರ ಫೆಬ್ರವರಿಯಲ್ಲಿ ಮಂಡಿ ಲಿಗಮೆಂಟ್ ಹರ್ಕೊಂಡು ಕೂತ. ಲ್ಯೂಕ್ ಶಾ ಗಾಯದಿಂದ ಒಳಗೆ ಹೊರಗೆ. ನಿಜವಾದ ಎಡಗಾಲಿನ ವಿಂಗ್‌ಬ್ಯಾಕ್ ಡೋರ್ಗು ಬಂದಿದ್ದೇ ಫೆಬ್ರವರಿ ಶುರುವಿಗೆ. ಅಲ್ಲೀವರೆಗೂ ಗಾಡಿಗೆ ಒಂದು ಚಕ್ರನೇ ಇರಲಿಲ್ಲ ಗುರು.

ಹಾಫ್‌ಟೈಮ್_ಚಹಾ

ಹಾಗಾದರೆ ಕಾಂಟೆ ಹೇಗೆ ಮಾಡಿದರು? 2016ರಲ್ಲಿ ಚೆಲ್ಸಿಗೆ ಬಂದು ಸೀಸನ್ ಮಧ್ಯೆಯೇ ಮೂವರ ಡಿಫೆನ್ಸಿಗೆ ಹೋದರು, ವಿಂಗ್‌ಬ್ಯಾಕ್‌ಗಳನ್ನು ಕೊಂಡು ತಂದು ಲೀಗ್ ಗೆದ್ದರು. ಅದನ್ನು ಹೊಗಳಿ ಇದನ್ನು ಬೈಯುವುದು ಯಾಕೆ?

ಫ್ರೇಜರ್‌ಟೌನ್_ಫುಲ್‌ಬ್ಯಾಕ್

ಒಂದು ತಿದ್ದುಪಡಿ ಬ್ರದರ್. ಬದಲಾಯಿಸಿದ ಮೇಲೆ ಯಾರನ್ನೂ ಕೊಂಡಿಲ್ಲ. ಆರ್ಸೆನಲ್ ಹತ್ರ 3-0 ಸೋತಿದ್ದು 2016 ಸೆಪ್ಟೆಂಬರ್ 24. ಮುಂದಿನ ಲೀಗ್ ಪಂದ್ಯ ಹಲ್ ವಿರುದ್ಧ, ಅಕ್ಟೋಬರ್ 1, ಅಲ್ಲಿಂದ 3-4-3. ಟ್ರಾನ್ಸ್‌ಫರ್ ಕಿಟಕಿ (ಆಟಗಾರರನ್ನ ಕೊಳ್ಳೋ ಅವಧಿ) ಆಗಸ್ಟ್ ಕೊನೆಗೇ ಮುಚ್ಚಿತ್ತು. ಅಲೊನ್ಸೋ, ಡೇವಿಡ್ ಲೂಯಿಜ್ ಇಬ್ಬರೂ ಆಗಲೇ ಬಂದಿದ್ರು, ಬಲಗಡೆ ಮೋಸೆಸ್ ಅಂತೂ ಲಿವರ್‌ಪೂಲ್, ಸ್ಟೋಕ್, ವೆಸ್ಟ್‌ಹ್ಯಾಮ್ ಅಂತ ಮೂರು ಕಡೆ ಸಾಲಕ್ಕೆ ಹೋಗಿ ಬಂದ ವಿಂಗರ್. ಇದ್ದ ಸಾಮಾನಲ್ಲೇ ಅಡುಗೆ. 13 ಲೀಗ್ ಪಂದ್ಯ ಸತತ ಗೆಲುವು, ಕೊನೆಗೆ 93 ಪಾಯಿಂಟ್.

ಮೋಸೆಸ್ ಹೇಗೆ ನಿಭಾಯಿಸಿದ ಅನ್ನೋದು ಮುಖ್ಯ. ವಿಂಗರ್‌ನ ವಿಂಗ್‌ಬ್ಯಾಕ್ ಮಾಡಿದಾಗ ಕೈಕೊಡೋ ಜಾಗ ಮೂರೇ. ಒಂದು, ಎದುರು ಅಂಚಿನಿಂದ ಕ್ರಾಸ್ ಬಂದಾಗ ಬಾಲ್ ನೋಡ್ತಾ ನಿಂತು ಬೆನ್ನ ಹಿಂದಿನವನನ್ನ ಮರೀತಾನೆ. ಎರಡು, ದಾಳಿ ಮುರಿದಾಗ ಮೊದಲ ಐದು ಹೆಜ್ಜೆ ನಡೀತಾನೆ, ಓಡೋದಿಲ್ಲ. ಮೂರು, ಒಬ್ಬರಿಗೊಬ್ಬರು ಎದುರಾದಾಗ ಕಾಲು ಹಾಕಿಬಿಡ್ತಾನೆ. ಚೆಲ್ಸಿಲಿ ಮೋಸೆಸ್ ಹಿಂದೆ ಬಲ ಸ್ಟಾಪರ್ ಆಗಿ ನಿಂತಿದ್ದು ಆಸ್ಪಿಲಿಕ್ವೆಟಾ, ಹುಟ್ಟಾ ಫುಲ್‌ಬ್ಯಾಕ್. ಮೋಸೆಸ್ ಮೇಲೆ ಉಳಿದರೆ ಅವನೇ ಅಂಚಿಗೆ ಜಾರ್ತಿದ್ದ, ಅವನಿಗೆ ಅದು ಹಳೇ ಮನೆ. ಮುಂದೆ ಮಿಡ್‌ಫೀಲ್ಡಲ್ಲಿ ಕಾಂಟೇ (ಕೋಚ್ ಕಾಂಟೆ ಅಲ್ಲ, ಆಟಗಾರ) ಅಂತ ಎಂಜಿನ್. ಅನನುಭವಿ ವಿಂಗ್‌ಬ್ಯಾಕ್ ಹಿಂದೆ ಅಗಲಕ್ಕೆ ಹೋಗಿ ಅಭ್ಯಾಸ ಇರೋ ಸ್ಟಾಪರ್ ಬೇಕು. ಎತ್ತರದ, ನಿಧಾನದ ಸ್ಟಾಪರ್ ಇಟ್ಟರೆ ಇಬ್ಬರ ಮಧ್ಯೆ ಲಾರಿ ಹೋಗೋ ಅಷ್ಟು ಜಾಗ.

ಇನ್ನೊಂದು, ಹಿಂದಿನ ಸೀಸನ್ ಚೆಲ್ಸಿ 10ನೇ ಸ್ಥಾನ. ಅದಕ್ಕೇ ಯುರೋಪ್ ಪಂದ್ಯಗಳೇ ಇರಲಿಲ್ಲ. ವಾರ ಪೂರ್ತಿ ಎದುರಾಳಿ ಇಲ್ಲದೆ 11 ಜನರನ್ನ ನಿಲ್ಲಿಸಿ ಓಟಗಳನ್ನ ಬಾಯಿಪಾಠ ಮಾಡಿಸೋಕೆ ಟೈಮ್ ಇತ್ತು.

ಹಾಫ್‌ಟೈಮ್_ಚಹಾ

ಸರಿ, ತಪ್ಪು ನನ್ನದು. ಕಿಟಕಿ ಮುಚ್ಚಿತ್ತು ಎಂಬುದು ತಲೆಗೆ ಹೋಗಲಿಲ್ಲ.

ಲಿಬರೋ_ಮೈಸೂರು

ಕಾಂಟೆಯ ವಿಷಯದಲ್ಲಿ ಇನ್ನೂ ಹಿಂದೆ ಹೋಗಬಹುದು. ಬಾರಿ, ಸಿಯೆನಾಗಳಲ್ಲಿ ಅವರು ಹೆಸರು ಮಾಡಿದ್ದು 4-2-4ರಲ್ಲಿ. 2011ರಲ್ಲಿ ಯುವೆಂಟಸ್‌ಗೆ ಬಂದಾಗಲೂ ಅದೇ ಇರಾದೆ. ಅಲ್ಲಿ ಪಿರ್ಲೋ, ವಿಡಾಲ್, ಮಾರ್ಕಿಸಿಯೋ ಎಂಬ ಮೂವರು ಮಿಡ್‌ಫೀಲ್ಡರ್‌ಗಳು. 4-2-4ರಲ್ಲಿ ಒಬ್ಬ ಹೊರಗೆ ಕೂರಬೇಕು. ಹಿಂದೆ ಬಾರ್ಜಾಲಿ, ಬೊನುಚಿ, ಕಿಯೆಲಿನಿ. ಸೀಸನ್ ಸಾಗಿದಂತೆ ಅದು 3-5-2 ಆಯಿತು. 38 ಪಂದ್ಯ, 23 ಗೆಲುವು, 15 ಡ್ರಾ, ಒಂದೂ ಸೋಲಿಲ್ಲ. ಈಗ ಕಾಂಟೆ ಎಂದರೆ ಮೂವರ ಡಿಫೆನ್ಸ್ ಎನ್ನುತ್ತೇವೆ. ಆ ಸಹಿ ಹುಟ್ಟಿದ್ದೇ ಇದ್ದ ಆಟಗಾರರಿಂದ.

ಅಂಚೆಲೊಟ್ಟಿಯದು ಇನ್ನೂ ಸ್ವಾರಸ್ಯ. ಪಾರ್ಮಾದಲ್ಲಿ 4-4-2 ಬಿಡಲೊಲ್ಲದೆ ಝೋಲಾರನ್ನು ಎಡ ಅಂಚಿಗೆ ತಳ್ಳಿದರು, ಅವರು 1996ರ ನವೆಂಬರ್‌ನಲ್ಲಿ ಚೆಲ್ಸಿಗೆ ಹೋದರು. 1997ರಲ್ಲಿ ರೊಬೆರ್ಟೊ ಬಾಜಿಯೋ ಸಿಗುತ್ತಿದ್ದರೂ ನಂಬರ್ 10ಕ್ಕೆ ಜಾಗವಿಲ್ಲವೆಂದು ಬೇಡವೆಂದರು. ಬಾಜಿಯೋ ಬೊಲೊನ್ಯಾಗೆ ಹೋಗಿ 22 ಲೀಗ್ ಗೋಲು ಹೊಡೆದರು. ಆ ಹಠ ತಪ್ಪಾಗಿತ್ತೆಂದು ಮುಂದೆ ಸ್ವತಃ ಒಪ್ಪಿಕೊಂಡ ಮನುಷ್ಯ. ಮಿಲಾನ್‌ನಲ್ಲಿ ರೂಯಿ ಕೋಸ್ಟಾ, ಸೇಡೋರ್ಫ್, ರಿವಾಲ್ಡೋ ಎಲ್ಲರೂ ಸಿಕ್ಕಾಗ ಪಿರ್ಲೋನನ್ನು ಡಿಫೆನ್ಸಿನ ಮುಂದಕ್ಕೆ ಇಳಿಸಿ ಎಲ್ಲರಿಗೂ ಜಾಗ ಮಾಡಿದರು.

ಎಡಗಾಲಿನ_ಸ್ಟಾಪರ್

ಪಿರ್ಲೋನನ್ನ ಮೊದಲು ಇಳಿಸಿದ್ದು ಅಂಚೆಲೊಟ್ಟಿ ಅಲ್ಲ ಸರ್, ಮಾಝೋನೆ. 2001ರಲ್ಲಿ ಬ್ರೇಷಿಯಾಗೆ ಸಾಲಕ್ಕೆ ಹೋದಾಗ. ಅಲ್ಲಿ ನಂಬರ್ 10 ಜಾಗದಲ್ಲಿ ಆಗಲೇ ಕೂತಿದ್ದವರು ಯಾರು ಹೇಳಿ? ಅದೇ ಬಾಜಿಯೋ.

ಲಿಬರೋ_ಮೈಸೂರು

ಸರಿಯಾಗಿ ಹಿಡಿದಿರಿ. ಒಪ್ಪಿದೆ.

ಗ್ಲವ್ಸ್_ಗೌರಿ

ಗೋಲಿಗಳ ಬಗ್ಗೆ ಯಾರೂ ಮಾತೇ ಆಡಿಲ್ಲ, ಎಂದಿನ ಹಾಗೆ. ಹೈ ಲೈನ್ (ಡಿಫೆನ್ಸ್ ಸಾಲನ್ನ ಹಾಫ್ ಲೈನ್ ಹತ್ರ ನಿಲ್ಲಿಸೋದು) ಆಡಿಸೋ ಕೋಚ್ ಮೊದಲು ನೋಡಬೇಕಾಗಿದ್ದು ಗೋಲಿ ಮತ್ತು ಇಬ್ಬರು ಸ್ಟಾಪರ್. ಫಾರ್ಮೇಷನ್ ಆಮೇಲೆ.

ಲೆಕ್ಕ ಹೀಗೆ. ಹಾಫ್ ಲೈನಿಂದ ಗೋಲ್ ಗೆರೆಗೆ 52.5 ಮೀಟರ್. ಡಿಫೆನ್ಸ್ ಅಲ್ಲಿ ನಿಂತಿದೆ, ಅವರ ತಲೆ ಮೇಲಿಂದ ಬಾಲ್ 25 ಮೀಟರ್ ಹಿಂದೆ ಬೀಳುತ್ತೆ ಅಂದ್ಕೊಳ್ಳಿ. ಅಂದರೆ ಗೋಲಿನಿಂದ 27.5 ಮೀಟರ್ ದೂರ. ಗೋಲಿ ಸಣ್ಣ ಬಾಕ್ಸಿನ ಗೆರೆ ಮೇಲೆ, 5.5 ಮೀಟರ್‌ನಲ್ಲಿ ನಿಂತಿದ್ರೆ ಅವಳು ಓಡಬೇಕಾದ್ದು 22 ಮೀಟರ್. ಅದಕ್ಕೆ ಮೂರು ಸೆಕೆಂಡಿಗಿಂತ ಜಾಸ್ತಿ. ಓಟ ಶುರು ಮಾಡಿಕೊಂಡೇ ಬರೋ ಫಾರ್ವರ್ಡ್ 25 ಮೀಟರನ್ನ ಹೆಚ್ಚುಕಡಿಮೆ ಅಷ್ಟೇ ಸಮಯದಲ್ಲಿ ಮುಗಿಸ್ತಾಳೆ. ಇಬ್ಬರೂ ಒಟ್ಟಿಗೆ ಬಂದರೆ ಒಂದೋ ಗೋಲು, ಒಂದೋ ಕೆಂಪು ಕಾರ್ಡು. ಅದೇ ಗೋಲಿ ದೊಡ್ಡ ಬಾಕ್ಸ್ ಗೆರೆ ದಾಟಿ 20 ಮೀಟರ್‌ನಲ್ಲಿ ನಿಂತಿದ್ರೆ ಓಡಬೇಕಾದ್ದು ಏಳೂವರೆ ಮೀಟರ್. ಆರಾಮು. ಆದರೆ ಹಾಗೆ ನಿಲ್ಲೋಕೆ ಧೈರ್ಯ, ತಲೆ ಮೇಲಿಂದ ಬರೋ ಲಾಬ್‌ಗೆ ಹಿಂದೆ ಹೆಜ್ಜೆ ಹಾಕೋ ಅಭ್ಯಾಸ, ಬಾಲ್ ಸಿಕ್ಕಾಗ ಎರಡೂ ಕಾಲಲ್ಲಿ ಪಾಸ್, ಎಲ್ಲ ಬೇಕು.

ಸ್ಟಾಪರ್ ಮುಂದೆ ನೋಡ್ತಿದ್ದವರು ತಿರುಗೋಕೆ ಅರ್ಧ ಸೆಕೆಂಡ್ ಹೋಗುತ್ತೆ. ಫಾರ್ವರ್ಡ್ ವೇಗ ಸೆಕೆಂಡಿಗೆ 8 ಮೀಟರ್ ಅಂದ್ರೆ 4 ಮೀಟರ್ ಹಿಂದೆ ಬಿದ್ದ ಹಾಗೆ. ಆ 4 ಮೀಟರನ್ನ ವಾಪಸ್ ಹಿಡಿಯೋ ವೇಗ ಇದ್ದರೆ ಮಾತ್ರ ಹೈ ಲೈನ್.

ಟಾಟನ್‌ಹ್ಯಾಮ್ 2023 ನವೆಂಬರ್ 6, ಚೆಲ್ಸಿ ಎದುರು. ರೊಮೆರೋ, ಉಡೋಗಿ ಇಬ್ಬರೂ ಕೆಂಪು ಕಾರ್ಡ್. ವೇಗದ ಸ್ಟಾಪರ್ ವಾನ್ ಡಿ ವೆನ್ ಗಾಯವಾಗಿ ಹೊರಗೆ. ಒಂಬತ್ತು ಜನ ಉಳಿದ ಮೇಲೂ ಪೊಸ್ಟೆಕೊಗ್ಲು ಸಾಲನ್ನ ಹಾಫ್ ಲೈನಲ್ಲೇ ಇಟ್ಟರು. ಗೋಲಿ ವಿಕಾರಿಯೋ ಓಡಿ ಓಡಿ 75ನೇ ನಿಮಿಷದವರೆಗೂ 1-1 ಇಟ್ಟ, ಆಮೇಲೆ ಜ್ಯಾಕ್ಸನ್ ಹ್ಯಾಟ್ರಿಕ್, 4-1. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೇನೋ ಸರಿ, ಪಾಯಿಂಟ್ ಬರಲಿಲ್ಲ.

ಕುಡ್ಲದ_ಕೌಂಟರ್

ಗೌರಿ ಅಕ್ಕ, ಅದೇ ಪೊಸ್ಟೆಕೊಗ್ಲು 2025ರ ಮೇಯಲ್ಲಿ ಬಿಲ್ಬಾವೊದಲ್ಲಿ ಯುರೋಪಾ ಫೈನಲ್ ಗೆದ್ದದ್ದು ಹೇಗೆ ನೋಡಿ. ಒಂದು ಗೋಲು ಹೊಡೆದು ಎಲ್ಲರನ್ನೂ ಬಾಕ್ಸಿನೊಳಗೆ ಕೂರಿಸಿದರು. ಲೀಗಿನಲ್ಲಿ 17ನೇ ಸ್ಥಾನ, 38 ಪಾಯಿಂಟ್, ಕೈಯಲ್ಲಿ ಮಾತ್ರ ಕಪ್ಪು. ಎದುರಲ್ಲಿ ಇದ್ದದ್ದು ಯಾರು? ಪದ್ಧತಿ ಬಿಡದ ಅಮೊರಿಮ್!

ಗ್ಲವ್ಸ್_ಗೌರಿ

ಹೌದು. ಆದರೆ ಒಂದು ಫೈನಲ್ ಇಟ್ಟುಕೊಂಡು ತೀರ್ಪು ಬರೀಬೇಡಿ, ಆ ದಿನ ಎರಡೂ ಕಡೆ ಆಟ ಕೆಟ್ಟದಾಗೇ ಇತ್ತು.

ಬೆಳಗಾವಿ_ಬೈಸಿಕಲ್‌ಕಿಕ್

ಎಲ್ಲಾರೂ ಹೊಂದ್ಕೋ ಹೊಂದ್ಕೋ ಅಂತೀರಿ, ಗಾರ್ಡಿಯೋಲಾನ ಮರತ್ರಿ? 2016-17ರಾಗ ಸಿಟಿಗೆ ಬಂದಾಗ ಫುಲ್‌ಬ್ಯಾಕ್ ಸಾನ್ಯಾ, ಝಬಲೆಟಾ, ಕ್ಲಿಶಿ, ಕೊಲರೋವ್, ಎಲ್ಲಾ ಮೂವತ್ತು ದಾಟಿದವ್ರು. ಗೋಲಿ ಹಾರ್ಟ್‌ನ ಕಳಿಸಿ ಬ್ರಾವೋನ್ನ ತಂದ್ರು, ಅದೂ ಕೈಕೊಟ್ತು. ಆ ವರ್ಷ 78 ಪಾಯಿಂಟ್, 3ನೇ ಸ್ಥಾನ, ಕಪ್ಪಿಲ್ಲ. ಹಂಗಂತ ಅವ್ರು ಬದಲಾದ್ರೇನು? ಇಲ್ಲ. ನಾಲ್ಕೂ ಮಂದಿ ಫುಲ್‌ಬ್ಯಾಕ್‌ನ ಕಳಿಸಿ ವಾಕರ್, ಮೆಂಡಿ, ಡನಿಲೋ, ಗೋಲಿ ಎಡರ್ಸನ್. ಮುಂದಿನ ವರ್ಷ 100 ಪಾಯಿಂಟ್. ಮೊದಲನೇ ವರ್ಷ ಹೆದರಿ ಉದ್ದ ಬಾಲ್ ಆಡಿಸಿದ್ದ್ರ ಆ 100 ಬರತಿತ್ತೇನ್ರಿ?

ಫ್ರೇಜರ್‌ಟೌನ್_ಫುಲ್‌ಬ್ಯಾಕ್

ಪೂರ್ತಿ ಹೇಳಿ ಅಣ್ಣ. ಮೆಂಡಿ ಸೆಪ್ಟೆಂಬರ್‌ನಲ್ಲೇ ಮಂಡಿ ಹೋಗಿ ಕೂತ. ಎಡ ಫುಲ್‌ಬ್ಯಾಕ್ ಆಡಿದ್ದು ಡೆಲ್ಫ್, ಮಿಡ್‌ಫೀಲ್ಡರ್. ಅವನಿಗೆ ಅಂಚಿನಲ್ಲಿ ಮೇಲೆ ಓಡು ಅಂತ ಹೇಳಲಿಲ್ಲ, ಒಳಗೆ ಬಂದು ಮಿಡ್‌ಫೀಲ್ಡರ್ ಥರಾನೇ ಆಡು ಅಂದ್ರು, ಅಗಲ ಕೊಡೋ ಕೆಲಸ ಸಾನೆಗೆ. ನಾಲ್ಕು ಫುಲ್‌ಬ್ಯಾಕ್ ಒಂದೇ ಬೇಸಿಗೇಲಿ ಬದಲಾಯಿಸೋ ಜೇಬು ಎಷ್ಟು ಕ್ಲಬ್‌ಗೆ ಇದೆ? ಅಷ್ಟೂ ಜೇಬು ಇದ್ದವರೇ ಡೆಲ್ಫ್ ಕಾಲು ನೋಡಿ ಎಡ ಅಂಚಿನ ಕೆಲಸ ತಿದ್ದಿದ್ರು.

ಎಡಗಾಲಿನ_ಸ್ಟಾಪರ್

ಇದಕ್ಕೆ ಎದುರು ತುದಿ ಸ್ಲಾಟ್. 2024ರ ಬೇಸಿಗೆಯಲ್ಲಿ ಲಿವರ್‌ಪೂಲ್‌ಗೆ ಬಂದಾಗ ಡಿಫೆನ್ಸಿನ ಮುಂದೆ ಸುಬಿಮೆಂಡಿ ಬೇಕು ಅಂತ ಕೇಳಿದ್ರು, ಅವನು ಬರಲಿಲ್ಲ. ಆ ಸೀಸನ್ನಿಗೆ ಆಡೋಕೆ ಬಂದವನು ಕಿಯೇಝಾ ಒಬ್ಬನೇ, ಅವನೂ ಆಡಿದ್ದು ಅಪರೂಪ. ಕ್ಲಾಪ್ ಕೈಯಲ್ಲಿ ಮೇಲೆ ಆಡ್ತಿದ್ದ ಗ್ರಾವೆನ್‌ಬರ್ಕ್‌ನ ಕೆಳಗೆ ಇಳಿಸಿದ್ರು. ಅವನಿಗೆ ಬೆನ್ನ ಮೇಲೆ ಆಳಿದ್ದರೂ ಬಾಲ್ ತಗೊಂಡು ಅರ್ಧ ತಿರುಗೋದು ಬರುತ್ತೆ, ಆ ಜಾಗಕ್ಕೆ ಬೇಕಾದ ಮೊದಲ ಗುಣ ಅದೇ. ಕ್ಲಾಪ್ ಕಟ್ಟಿದ 4-3-3ರ ಗೋಡೆ ಒಡೆಯಲಿಲ್ಲ, ಗೇರ್ ಇಳಿಸಿದ್ರು ಅಷ್ಟೇ. 84 ಪಾಯಿಂಟ್, ಲೀಗ್.

ಹಾಫ್‌ಟೈಮ್_ಚಹಾ

ಇಂಗ್ಲೆಂಡ್ ಸಾಕು. ನಮ್ಮ ಬಿಎಫ್‌ಸಿ (ಬೆಂಗಳೂರು ಎಫ್‌ಸಿ)?

ಫ್ರೇಜರ್‌ಟೌನ್_ಫುಲ್‌ಬ್ಯಾಕ್

2022-23 ನೋಡಿ, ಗ್ರೇಸನ್ ಸೀಸನ್. ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಒಮ್ಮೆಗೆ ಮೈದಾನದಲ್ಲಿ ನಾಲ್ಕೇ ವಿದೇಶಿಯರು. ಅವರನ್ನ ಎಲ್ಲಿ ಖರ್ಚು ಮಾಡ್ತೀರಿ ಅನ್ನೋದೇ ಇಲ್ಲಿ ಅರ್ಧ ಫಾರ್ಮೇಷನ್. ಆ ಟೀಮಲ್ಲಿ ಅಲನ್ ಕೋಸ್ಟಾ, ಜೊವಾನೊವಿಚ್ ಇಬ್ಬರು ವಿದೇಶಿ ಸ್ಟಾಪರ್, ಜೊತೆಗೆ ಝಿಂಗನ್. ಮೂವರೂ ಸ್ಟಾಪರೇ. ನಾಲ್ವರ ಡಿಫೆನ್ಸ್ ಆಡಿಸಿದ್ರೆ ಒಬ್ಬ ಬೆಂಚ್. ಅಂಚಲ್ಲಿ ಬಲಗಡೆ ಪ್ರಬೀರ್ ದಾಸ್, ಎಡಗಡೆ ರೋಶನ್ ಸಿಂಗ್. ರೋಶನ್ ಹುಟ್ಟಾ ವಿಂಗರ್, ಹಿಂದಿನ ವರ್ಷ ಫುಲ್‌ಬ್ಯಾಕ್ ಆಗಿ ಆಡಿ ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ತಗೊಂಡಿದ್ದ. ಮುಂದೆ ರಾಯ್ ಕೃಷ್ಣ ಜೊತೆ ಓಡೋಕೆ ಶಿವಶಕ್ತಿ ಇದ್ದ. 3-5-2ಕ್ಕೆ ಬೇಕಾದ ಸಾಮಾನೆಲ್ಲ ಗೋಡೌನಲ್ಲೇ ಇತ್ತು.

ಬೆಲೆ ತೆತ್ತಿದ್ದು ಯಾರು ಗೊತ್ತಾ? ಛೆಟ್ರಿ. ಇಬ್ಬರು ಓಡೋ ಸ್ಟ್ರೈಕರ್ ಬೇಕಾದಾಗ ನಾಯಕನೇ ಬೆಂಚ್. ಲೀಗಿನ ಕೊನೇ 8 ಪಂದ್ಯ ಸತತ ಗೆದ್ದು ಪ್ಲೇಆಫ್‌ಗೆ ಹೋಗಿ, ಫೈನಲ್‌ನಲ್ಲಿ ಎಟಿಕೆ ಮೋಹನ್ ಬಗಾನ್ ಎದುರು ಪೆನಾಲ್ಟಿಯಲ್ಲಿ ಸೋತ್ರು. ಆಟಗಾರರಿಗೆ ಹೊಂದಿಕೊಳ್ಳೋದು ಅಂದ್ರೆ ದೊಡ್ಡ ಹೆಸರಿಗೆ ಹೊಂದಿಕೊಳ್ಳೋದು ಅಲ್ಲ, ಬಹಳ ಕೋಚ್‌ಗಳು ಎಡವೋದು ಇಲ್ಲೇ.

ಕುಡ್ಲದ_ಕೌಂಟರ್

ಇಂಡಿಯಾ ಟೀಮಿಗೂ ಅದೇ ರೋಗ ಉಂಟು. ಕ್ಲಬ್ಬುಗಳೆಲ್ಲ ಸ್ಟ್ರೈಕರ್ ಜಾಗಕ್ಕೆ ವಿದೇಶಿಯನ್ನು ಇಡುವುದು. ಹಾಗಾಗಿ ರಾಷ್ಟ್ರೀಯ ಕೋಚ್‌ಗೆ ಸಿಗುವುದು ವಿಂಗರ್‌ಗಳೇ. 2019ರ ಏಷ್ಯಾ ಕಪ್ಪಿನಲ್ಲಿ ಕಾನ್‌ಸ್ಟಂಟೈನ್ ಎಂತ ಮಾಡಿದರು? ವಿಂಗರ್ ಆಶಿಕ್ ಕುರುಣಿಯನ್‌ನನ್ನು ಛೆಟ್ರಿ ಪಕ್ಕ ಎರಡನೇ ಸ್ಟ್ರೈಕರ್ ಮಾಡಿ 4-4-2. ಥಾಯ್ಲೆಂಡ್‌ಗೆ 4-1. ಚಂದದ ಆಟ ಅಲ್ಲ, ಒಪ್ಪುವ. ಆದರೆ ಇದ್ದ ಓಟಕ್ಕೆ ಸರಿಯಾದ ಆಟ.

ಎಡಗಾಲಿನ_ಸ್ಟಾಪರ್

ಈಗ ಉಪಯೋಗಕ್ಕೆ ಬರೋ ಮಾತಿಗೆ ಬನ್ನಿ. ಸೂಪರ್ ಡಿವಿಷನ್ನೋ ಕಾಲೇಜು ಟೀಮೋ, 20 ಜನ, ವಾರಕ್ಕೆ ಮೂರು ದಿನ ಅಭ್ಯಾಸ, ಆಟಗಾರರನ್ನ ಕೊಳ್ಳೋಕೆ ದುಡ್ಡಿಲ್ಲ. ಹೊಸ ಕೋಚ್ ಎಲ್ಲಿಂದ ಶುರು ಮಾಡಬೇಕು?

ಲಿಬರೋ_ಮೈಸೂರು

ಮೊದಲ ಎರಡು ವಾರ ಯಾವ ಫಾರ್ಮೇಷನ್ನಿನ ಹೆಸರನ್ನೂ ಬಾಯಲ್ಲಿ ಹೇಳಬಾರದು. ಒಂದು ಹಾಳೆಯಲ್ಲಿ 20 ಹೆಸರು ಬರೆದು, ಪ್ರತಿಯೊಬ್ಬರ ಮುಂದೆ ನಾಲ್ಕೇ ವಿಷಯ ತುಂಬಿಸಿ.

ಬಲವಾದ ಕಾಲು ಯಾವುದು. ಇನ್ನೊಂದು ಕಾಲಲ್ಲಿ 20 ಮೀಟರ್ ಪಾಸ್ ಹೋಗುತ್ತದೆಯೇ.

30 ಮೀಟರ್ ಓಟದ ಸಮಯ. ಒಂದೇ ಸಲವಲ್ಲ: ಆರು ಸಲ, ನಡುವೆ 25 ಸೆಕೆಂಡ್ ಬಿಡುವು ಕೊಟ್ಟು. ಮೊದಲ ಓಟ ಸ್ಟ್ರೈಕರ್ ಯಾರೆಂದು ಹೇಳುತ್ತದೆ, ಆರನೆಯ ಓಟ ವಿಂಗ್‌ಬ್ಯಾಕ್ ಯಾರೆಂದು. ಮೊದಲು 4.2 ಸೆಕೆಂಡ್ ಓಡಿ ಕೊನೆಗೆ 4.9 ಆದವನನ್ನು ಅಂಚಿನ ಪೂರ್ತಿ ಉದ್ದಕ್ಕೆ ಒಬ್ಬನನ್ನೇ ಬಿಡಬೇಡಿ. 4.4ರಲ್ಲಿ ಶುರುಮಾಡಿ 4.6ಕ್ಕೆ ನಿಂತವನು ಆ ಕೆಲಸಕ್ಕೆ ಮೇಲು.

ಬೆನ್ನ ಹಿಂದೆ ಎದುರಾಳಿ ಇದ್ದಾಗ ಬಾಲ್ ತೆಗೆದುಕೊಂಡು ತಿರುಗುತ್ತಾನೋ, ವಾಪಸ್ ಕೊಡುತ್ತಾನೋ, ಕಳೆಯುತ್ತಾನೋ. 10ರಲ್ಲಿ ಎಷ್ಟು ಸಲ ಎಂದು ಎಣಿಸಿ.

ಕೊನೆಯದು ಹೆಡರ್: ಎದುರಾಳಿಯೊಂದಿಗೆ ನೆಗೆದು 10ರಲ್ಲಿ ಎಷ್ಟು ಗೆಲ್ಲುತ್ತಾನೆ.

ನಂತರ ನಿಮಗೆ ಇಷ್ಟವಾದ ಪದ್ಧತಿ ತೆಗೆದುಕೊಂಡು, ಅದು ಯಾವ ಜಾಗವಿಲ್ಲದೆ ಬದುಕುವುದಿಲ್ಲ ಎಂದು ಕೇಳಿ. 3-4-2-1ಕ್ಕೆ ಇಬ್ಬರು ವಿಂಗ್‌ಬ್ಯಾಕ್, ಒಬ್ಬ ಎಡಗಾಲಿನ ಸ್ಟಾಪರ್. 4-3-3ಕ್ಕೆ ಡಿಫೆನ್ಸಿನ ಮುಂದೆ ಒಂಟಿಯಾಗಿ ನಿಂತು ತಿರುಗಬಲ್ಲ ಒಬ್ಬ, ಮತ್ತು ಒಬ್ಬರಿಗೊಬ್ಬರು ಎದುರಾದಾಗ ದಾಟುವ ಒಬ್ಬ ವಿಂಗರಾದರೂ. 4-4-2ಕ್ಕೆ ಕೆಳಗೆ ಇಳಿದು ಬಾಲ್ ತೆಗೆದುಕೊಳ್ಳುವ ಒಬ್ಬ ಸ್ಟ್ರೈಕರ್. ಇಬ್ಬರೂ ಓಡುವವರೇ ಆದರೆ ಮಧ್ಯದಲ್ಲಿ ಮೂವರಿಗೆ ಇಬ್ಬರು ಸೋಲುತ್ತಾರೆ. ಹೈ ಲೈನ್‌ಗೆ ಗೌರಿಯವರು ಹೇಳಿದ ಗೋಲಿ.

ಅಂಥ ಜಾಗಗಳಲ್ಲಿ ಒಂದು ಖಾಲಿ ಇದ್ದರೆ ಡೆಲ್ಫ್ ಥರ ಯಾರನ್ನಾದರೂ ಕೂರಿಸಿ ಆ ಜಾಗದ ಕೆಲಸವನ್ನೇ ತಿದ್ದಿ. ಎರಡು ಖಾಲಿ ಇದ್ದರೆ ಆ ಪದ್ಧತಿಯನ್ನು ಆ ಸೀಸನ್ನಿಗೆ ಮರೆಯಿರಿ. ಯುನೈಟೆಡ್‌ನಲ್ಲಿ ಆ ನವೆಂಬರ್‌ನಲ್ಲಿ ಖಾಲಿ ಇದ್ದದ್ದು ಎರಡಕ್ಕಿಂತ ಹೆಚ್ಚು.

ಬೆಳಗಾವಿ_ಬೈಸಿಕಲ್‌ಕಿಕ್

ಲಿಬರೋ ಸರ್, ಹಾಳಿ ಚಲೋ ಐತ್ರಿ, ಆದ್ರ ಒಂದು ಕಲಂ ಬಿಟ್ಟೀರಿ: ಕಲಿಯೋ ಹುಡುಗ ಯಾರು. ಫಿಲಿಪ್ಸ್‌ನ 2018ರಾಗ ನಿಮ್ಮ ಹಾಳಿ ಮ್ಯಾಲೆ ಅಳದಿದ್ರ ಅವ ಆ ಜಾಗಕ್ಕ ಪಾಸ್ ಆಗತಿದ್ನೇನು? ಸೀಸನ್ನಿನ ಮೊದಲ ನಾಕು ದೋಸ್ತಿ ಪಂದ್ಯದಾಗರ ಹುಡುಗ್ರನ್ನ ಬ್ಯಾರೆ ಜಾಗಾದಾಗ ಹಚ್ಚಿ ನೋಡ್ರಿ, ಪಂದ್ಯಕ್ಕ ಇಬ್ಬರ್ನ ಅಷ್ಟ. ಒಮ್ಮಿಗೆ ಐದು ಮಂದಿನ ಕದಲಿಸಿದ್ರ ಯಾರ ತಪ್ಪು ಅಂತನ ತಿಳಿಯೂದಿಲ್ಲ.

ಲಿಬರೋ_ಮೈಸೂರು

ಐದನೆಯ ಕಲಂ ಸೇರಿಸಿದೆ.

ಗ್ಲವ್ಸ್_ಗೌರಿ

ಮೂರು ದಿನದ ವಾರಕ್ಕೆ ಒಂದು ಹಂಚಿಕೆ. ಮಂಗಳವಾರ 20 ನಿಮಿಷ ಎದುರಾಳಿ ಇಲ್ಲದೆ 11 ಜನ ನಿಂತು ಗೋಲಿಯಿಂದ ಬಾಲ್ ಕಟ್ಟಿ ತರೋದು, ನಡೆಯೋ ವೇಗದಲ್ಲಿ. ಆಮೇಲೆ 25 ನಿಮಿಷ 7ಕ್ಕೆ 5, ಗೋಲಿ ಸೇರಿ ಏಳು. ಗುರುವಾರ ಬಾಲ್ ಇಲ್ಲದಾಗಿನ ಆಕಾರ ಮಾತ್ರ: ಅರ್ಧ ಮೈದಾನ, 8ಕ್ಕೆ 8, ನಾಲ್ಕು ನಿಮಿಷದ ಆರು ಸುತ್ತು. ಎದುರು ಅಂಚಿನಿಂದ 10 ಕ್ರಾಸ್, ದೂರದ ಫುಲ್‌ಬ್ಯಾಕ್ ಬಾಲ್ ಗಾಳಿಯಲ್ಲಿರುವಾಗ ಒಮ್ಮೆಯಾದರೂ ಭುಜದ ಹಿಂದೆ ನೋಡಬೇಕು, ನೋಡದಿದ್ದರೆ ಆ ಕ್ರಾಸ್ ಲೆಕ್ಕಕ್ಕಿಲ್ಲ. ಶನಿವಾರ ಪಂದ್ಯಕ್ಕೆ ಮುಂಚಿನ ದಿನ, 45 ನಿಮಿಷಕ್ಕಿಂತ ಜಾಸ್ತಿ ಬೇಡ, ಕಾರ್ನರ್ ಮತ್ತು ಫ್ರೀಕಿಕ್. ಒಂದು ವಾರಕ್ಕೆ ಒಂದೇ ಹೊಸ ವಿಷಯ. ಎರಡು ಹಾಕಿದ್ರೆ ಭಾನುವಾರ ಮೊದಲ ಗೋಲು ಬಿದ್ದ ತಕ್ಷಣ ಎಲ್ಲರೂ ಹಳೇ ಅಭ್ಯಾಸಕ್ಕೆ ಓಡ್ತಾರೆ, ಅರ್ಧ ಟೀಮು ಹಳೇದು, ಅರ್ಧ ಹೊಸದು.

ಹಾಫ್‌ಟೈಮ್_ಚಹಾ

13 ವರ್ಷದ ಕೆಳಗಿನ ಮಕ್ಕಳಿಗೂ ಈ ಹಾಳೆಯೇ?

ಗ್ಲವ್ಸ್_ಗೌರಿ

ಬೇಡವೇ ಬೇಡ. ಅಲ್ಲಿ ತಿಂಗಳಿಗೊಂದು ಜಾಗ ಬದಲಾಯಿಸಿ. ಹನ್ನೆರಡನೇ ವಯಸ್ಸಿಗೆ ಎತ್ತರ ಇದೆ ಅಂತ ಸ್ಟಾಪರ್ ಮಾಡಿದ ಹುಡುಗಿ ಹದಿನಾರಕ್ಕೆ ಎಲ್ಲರಿಗಿಂತ ಕುಳ್ಳಿ ಆಗಿರಬಹುದು.

ಎಡಗಾಲಿನ_ಸ್ಟಾಪರ್

ಲಿಬರೋ ಸರ್, ಒಂದು ಅನುಮಾನ ಉಳಿದಿದೆ. 4-4-2ರಲ್ಲಿ ಕೆಳಗಿಳಿಯೋ ಸ್ಟ್ರೈಕರ್ ಇಲ್ಲ, 4-3-3ಕ್ಕೆ ತಿರುಗೋ ಮಿಡ್‌ಫೀಲ್ಡರ್ ಇಲ್ಲ, ವಿಂಗ್‌ಬ್ಯಾಕೂ ಇಲ್ಲ. ನಮ್ಮ ಕೆಳ ಡಿವಿಷನ್ ಟೀಮುಗಳಲ್ಲಿ ಅರ್ಧಕ್ಕರ್ಧ ಹೀಗೇ. ಆಗ?

ಲಿಬರೋ_ಮೈಸೂರು

ಆಗ 4-5-1. ಸಾಲು ಬಾಕ್ಸಿನಿಂದ 10 ಮೀಟರ್ ಮುಂದೆ, ಡಿಫೆನ್ಸಿಗೂ ಮಿಡ್‌ಫೀಲ್ಡಿಗೂ ನಡುವೆ 12 ಮೀಟರ್‌ಗಿಂತ ಹೆಚ್ಚು ಬಿಡಬೇಡಿ. ಅತಿ ವೇಗದವನು ಒಬ್ಬನೇ ಮುಂದೆ. ವಾರದ ಅರ್ಧ ಸಮಯ ಕಾರ್ನರ್‌ಗೆ ಇಡಿ. 2019ರ ಐಎಸ್‌ಎಲ್ ಫೈನಲ್ ನೆನಪಿದೆಯೇ? ನಮ್ಮ ಬಿಎಫ್‌ಸಿ ಗೋವಾ ಎದುರು, 117ನೇ ನಿಮಿಷ, ದಿಮಾಸ್ ಹಾಕಿದ ಕಾರ್ನರ್, ಭೇಕೆ ತಲೆ. ಅಷ್ಟು ಒಳ್ಳೆಯ ಟೀಮಿಗೇ ಕೊನೆಗೆ ಕಪ್ಪು ತಂದದ್ದು ಕಾರ್ನರ್.

ಕುಡ್ಲದ_ಕೌಂಟರ್

ಕಾರ್ನರ್ ಹಾಕುವ ಜನ ಉಂಟಾ ಅಂತ ಆ ಹಾಳೆಯಲ್ಲಿ ಆರನೇ ಕಲಂ ಬೇಕಾಗ್ತದೆ ಸರ್.